ಮುಚ್ಚಿದ ಮೇಲೆ ಅದು ಎಲ್ಲಿ ಹೋಗುತ್ತದೆ?

ಕಂಪ್ಯೂಟರಿಗೆ ನಮ್ಮ ಕಾಕಾನಷ್ಟು ಮರ್ಯಾದೆ ಕೊಡುವ ಮನುಷ್ಯ ವಿಜಯಪುರ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಅವರನ್ನು ಗಾಂಧಿ ಚೌಕದಲ್ಲಿ ಕೂರಿಸಿ ಶಾಲು ಹೊದಿಸುವ ಖರ್ಚು ನನ್ನದು! ಅದರ ಮುಂದೆ ಕೂರುವಾಗ ಟೋಪಿ ಸರಿಮಾಡಿಕೊಳ್ಳುತ್ತಾರೆ. ಏಳುವಾಗ "ಬರ್ತೇನ್ರಿ" ಅನ್ನುತ್ತಾರೆ. ಅದು ತಿರುಗಿ ಏನೂ ಅನ್ನುವುದಿಲ್ಲವಲ್ಲ ಎಂಬ ಕೊರಗು ಮಾತ್ರ ಅವರಿಗೆ ಇದ್ದೇ ಇದೆ.

ಕಾಕಾ ಅಂದರೆ ನನ್ನ ತಂದೆಯ ತಮ್ಮ. ತಿಕೋಟಾದ ಹತ್ತಿರ ಅವರದು ದ್ರಾಕ್ಷಿ ತೋಟ, ಪಕ್ಕದಲ್ಲೇ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜು. ನಾನು ವಿಜಯಪುರದಲ್ಲಿ ಮನೆಯಲ್ಲೇ ಕೂತು ಅಂಗಡಿ, ಗೋದಾಮುಗಳ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವಳು. ಕೋಣೆಗಳ ತಂಪು ಎಷ್ಟಿದೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡುತ್ತಿದ್ದು, ಹೆಚ್ಚುಕಡಿಮೆಯಾದರೆ ಪರದೆಯ ಮೂಲೆಯಲ್ಲಿ ಒಂದು ನೋಟಿಫಿಕೇಶನ್ ತೋರಿಸುವ ಸಾಫ್ಟ್‌ವೇರ್ ಬೇಕೆಂದರು ಕಾಕಾ. ಮನೆಯವರದೇ ಕೆಲಸ, ಬೇಗ ಮುಗಿಯುತ್ತದೆ ಅಂದುಕೊಂಡೆ. ಸಾಫ್ಟ್‌ವೇರೇನೋ ಮುಗಿಯಿತು. ಕಾಕಾನ ಪ್ರಶ್ನೆಗಳು ಮುಗಿಯಬೇಕಲ್ಲ!

ಮೊದಲ ದಿನವೇ ಕಾಕಾ ಎಲ್ಲವನ್ನೂ ನೋಡಿ, ತಲೆಯಾಡಿಸಿ, ಮೂಲೆಯ ಇಂಟು ಮಾರ್ಕ್ ಒತ್ತಿದರು. ವಿಂಡೋ ಮಾಯವಾಯಿತು. ಅದೇ ಹೊತ್ತಿಗೆ ಹಮಾಲನೊಬ್ಬ ಕೋಣೆಯ ಬಾಗಿಲು ತೆರೆದಿರಬೇಕು, ಪರದೆಯ ಮೂಲೆಯಲ್ಲಿ "ಒಂದನೇ ಕೋಣೆಯ ಬಾಗಿಲು ತೆರೆದಿದೆ" ಎಂಬ ಸಾಲು ಮೂಡಿತು. ಕಾಕಾ ಕುರ್ಚಿಯಲ್ಲೇ ಹಿಂದೆ ಸರಿದರು.

"ಈಗರ ಮುಚ್ಚೀನಲ್ಲ ಯವ್ವಾ, ಮತ್ತ ಎಲ್ಲಿಂದ ಹೇಳಾಕತ್ತೈತಿ?"

"ಮುಚ್ಚಿದ್ದು ಬರೇ ವಿಂಡೋ ಕಾಕಾ. ಪ್ರೋಗ್ರಾಮ್ ಹಿಂದ ಕುಂತು ಕೆಲಸ ಮಾಡ್ತಿರ್ತೈತಿ."

ಹಿಂದೆ ಅಂದೆನಲ್ಲ, ಕಾಕಾ ಎದ್ದು ಹೋಗಿ ಮಾನಿಟರಿನ ಹಿಂದೆ ಬಗ್ಗಿ ನೋಡಿದರು! ಅಲ್ಲೊಂದು ಹಲ್ಲಿ ಕೂತಿತ್ತು.

"ಇದ ಏನು?"

ಬಾಯಿಮಾತಿನಲ್ಲಿ ಹೇಳಿದರೆ ಆಗದೆಂದು, ಆ ಹೊತ್ತಿನಲ್ಲಿ ಕಂಪ್ಯೂಟರಿನೊಳಗೆ ತೆರೆಮರೆಯಲ್ಲಿ ನಡೆಯುತ್ತಿದ್ದ ಎಲ್ಲ ಪ್ರೋಗ್ರಾಮುಗಳ ಪಟ್ಟಿ ತೆರೆದು ತೋರಿಸಿದೆ. ತೋರಿಸಬಾರದಿತ್ತು. ಕಾಕಾ ಕನ್ನಡಕ ಏರಿಸಿ ಒಂದೊಂದನ್ನೇ ಓದತೊಡಗಿದರು. "ಇವ್ರೆಲ್ಲಾ ಯಾರು? ನಾವು ಕರದು ಬಂದಾರೇನು, ತಾವ ಬಂದು ಕುಂತಾರೇನು?" ನಾನು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪಟ್ಟಿಯಲ್ಲಿದ್ದ ಒಬ್ಬನನ್ನು ಹೊರಗೆ ಕಳಿಸಿಯೂ ಆಗಿತ್ತು. ಅವನೇ ಮನೆಯ ಯಜಮಾನ! ಪರದೆಯ ಮೇಲಿನ ಚಿತ್ರಗಳು, ಕೆಳಗಿನ ಪಟ್ಟಿ, ಗಡಿಯಾರ ಎಲ್ಲ ಹೋಗಿ ಬರೀ ಕತ್ತಲೆ. ಕಾಕಾ ಮಾತ್ರ ಹೆದರಲಿಲ್ಲ. "ಒಬ್ಬವ ಎದ್ದು ಹೋದ ಕೂಡ್ಲೇ ಇಷ್ಟೂ ಮಂದಿ ಹೋದ್ರು ಅಂದ್ರ, ಭಾರೀ ಒಗ್ಗಟ್ಟ ಐತಿ ನೋಡು" ಎಂದು ಮೆಚ್ಚಿಕೊಂಡರು.

ಅಲ್ಲಿಂದ ಅವರಿಗೆ ಅದೇ ಧ್ಯಾನ. ಯಾರದೋ ಮದುವೆಗೆಂದು ಬಬಲೇಶ್ವರಕ್ಕೆ ಹೋದವರು ಅಕ್ಷತೆ ಬೀಳುವ ಹೊತ್ತಿಗೆ ನನಗೆ ಫೋನ್ ಮಾಡಿದರು. ಹಿಂದೆ ವಾಲಗದ ಗದ್ದಲ.

"ಯವ್ವಾ, ಈಗ ಅದು ಏನ್ ಮಾಡಾಕತ್ತೈತಿ?"

"ಏನ್ ಮಾಡ್ತೈತಿ ಕಾಕಾ, ಕೋಣಿ ತಂಪು ನೋಡಾಕತ್ತೈತಿ."

"ಆಫೀಸಿಗಿ ಕೀಲಿ ಹಾಕೀನಿ. ಯಾರೂ ನೋಡವರು ಇಲ್ಲದಾಗನೂ ಮಾಡ್ತೈತಿ?"

"ಯಾರೂ ಇಲ್ಲದಾಗನೂ ಮಾಡ್ತೈತಿ."

"ನಮ್ಮ ಮಂದಿಗಿ ಇದನ್ನ ಕಲಸಾಕ ಬರ್ತೈತೇನು ನೋಡು" ಎಂದು ಫೋನ್ ಇಟ್ಟರು.

ಒಂದು ಮಧ್ಯಾಹ್ನ ಊಟಕ್ಕೆ ಹೋಗುವಾಗ ಕಂಪ್ಯೂಟರನ್ನು ಮಲಗಿಸಿ ಹೋದರಂತೆ. "ಪಾಪ, ಮುಂಜಾನಿಯಿಂದ ಕುಂತೈತಿ." ಅದು ಮಲಗಿದ್ದಷ್ಟು ಹೊತ್ತು ಕೆಲಸವೂ ನಿಂತಿತ್ತು ಎಂದು ತಿಳಿದಾಗ ಕಾಕಾಗೆ ಬಂದ ಸಿಟ್ಟು ನೋಡಬೇಕಿತ್ತು!

"ನಾ ನಿದ್ದಿ ಮಾಡಿದ್ರ ತ್ವಾಟದಾಗ ದ್ರಾಕ್ಷಿ ಬೆಳಿಯೂದ ನಿಂದರ್ತೈತೇನು?"

ನಾನು ಕಂಪ್ಯೂಟರ್ ಮಲಗದಂತೆ ಇನ್ನಷ್ಟು ಬರೆದೆ.

ಇನ್ನು ನೋಟಿಫಿಕೇಶನ್ನಿನ ಕಥೆ. ನಾಲ್ಕು ಕ್ಷಣ ಕಾಣಿಸಿ ತಾನೇ ಮರೆಯಾಗುವ ಹಾಗೆ ಮಾಡಿದ್ದೆ. ಕಾಕಾಗೆ ಅದು ಅವಮಾನ. "ನಾ ಹೂಂ ಅನ್ನೂದ್ರೊಳಗ ಹೋಗಿಬಿಡ್ತೈತಿ. ಸುದ್ದಿ ಹೇಳಾಕ ಬಂದವರು ಉತ್ತರಾ ಕೇಳಿಕೊಂಡು ಹೋಗಬೇಕೋ ಬ್ಯಾಡೋ?" ಸರಿ, ಒತ್ತುವವರೆಗೆ ನಿಲ್ಲುವಂತೆ ಮಾಡಿದೆ. ಒಂದು ವಾರಕ್ಕೆ ಹೊಸ ತಕರಾರು ಬಂತು: "ಕೆಟ್ಟ ಸುದ್ದಿ ಅಷ್ಟ ಹೇಳ್ತೈತಿ. ಬೀಗರು ಫೋನ್ ಮಾಡಿದಾಗ ಆರಾಮ ಅದೀವಿ ಅಂತ ಮೊದಲ ಹೇಳಂಗಿಲ್ಲೇನು?" ಬೇಡ ಕಾಕಾ ಅಂದರೂ ಕೇಳಲಿಲ್ಲ. ಐದೈದು ನಿಮಿಷಕ್ಕೆ "ಎಲ್ಲಾ ಆರಾಮ ಐತ್ರಿ" ಎಂಬ ನೋಟಿಫಿಕೇಶನ್ ಶುರುವಾಯಿತು. ಅದೇ ವಾರ ಗಾಂಧಿ ಚೌಕದ ವ್ಯಾಪಾರಿಯೊಬ್ಬರು ಮಾಲು ನೋಡಲು ಬಂದರು. ಒಂದು ಸಲ ಟಣ್, ಎಲ್ಲಾ ಆರಾಮ. ಚಹಾ ಬಂತು, ಟಣ್, ಎಲ್ಲಾ ಆರಾಮ. ದರದ ಮಾತು ತೆಗೆದರು, ಟಣ್! ವ್ಯಾಪಾರಿ ಕಪ್ಪನ್ನು ಕೆಳಗಿಟ್ಟು ಎದ್ದೇ ಬಿಟ್ಟರು.

"ಸಾವ್ಕಾರ್ರ, ಇಷ್ಟ್ ಸಲ ಆರಾಮ ಅನ್ನಾಕತ್ತೈತಿ ಅಂದ್ರ, ಒಳಗ ಏನೋ ಭಾನಗಡಿ ಆಗೈತಿ!"

ಆ ಸಂಜೆ ಕಾಕಾ ತಾವೇ ಫೋನ್ ಮಾಡಿ ಅದನ್ನು ತೆಗೆಸಿದರು.

ಕಳೆದ ಬೇಸಿಗೆಯಲ್ಲಿ ಮತ್ತೊಂದು ಬೇಡಿಕೆ ಬಂತು. ಬಾಗಿಲು ಮುಚ್ಚಿ ಐದು ನಿಮಿಷವಾದರೂ ಒಳಗೆ ದೀಪ ಉರಿಯುತ್ತಿದ್ದರೆ ಜೋರಾಗಿ ಕೂಗಿ ಹೇಳಬೇಕಂತೆ.

"ದೀಪ ಉರದ್ರ ಎಷ್ಟ್ ಕರೆಂಟ್ ಬಿಲ್ ಬಂದೀತು ಕಾಕಾ?"

"ಹೇಳಿದಷ್ಟ ಮಾಡು."

ಕಾಕಾ ಎಂದೂ ಹೀಗೆ ಮಾತು ಮೊಟಕು ಮಾಡುವವರಲ್ಲ. ಮಾಡಿಕೊಟ್ಟೆ.

ಅದಾಗಿ ಕೆಲವು ದಿನಕ್ಕೆ, ಉರಿಬಿಸಿಲಿನ ಮಧ್ಯಾಹ್ನ, ನಾನು ಅಲ್ಲೇ ಆಫೀಸಿನಲ್ಲಿದ್ದೆ. ಇಬ್ಬರು ವ್ಯಾಪಾರಿಗಳು ಬಂದಿದ್ದರು. ಪರದೆಯ ಮೇಲೆ ನಮ್ಮ ಸಾಫ್ಟ್‌ವೇರಿನ ವಿಂಡೋ ಇರಲಿಲ್ಲ, ಕಾಕಾ ಬೆಳಿಗ್ಗೆಯೇ ಮುಚ್ಚಿದ್ದರು. ಒಣದ್ರಾಕ್ಷಿಯ ಬಣ್ಣದ ಮೇಲೆ ಚೌಕಾಸಿ ಜೋರಾಗಿತ್ತು. ಇದ್ದಕ್ಕಿದ್ದಂತೆ ಕಂಪ್ಯೂಟರು ಕೂಗಿಕೊಂಡಿತು. "ಎರಡನೇ ಕೋಣೆ: ಬಾಗಿಲು ಮುಚ್ಚಿದೆ, ಒಳಗೆ ದೀಪ ಉರಿಯುತ್ತಿದೆ."

"ಯಾರೋ ದೀಪ ಆರಸೂದು ಮರತಾರ" ಎಂದು ನಾನು ತಿರುಗುವಷ್ಟರಲ್ಲಿ ಕುರ್ಚಿ ಖಾಲಿ. ಕಾಕಾ ಬರಿಗಾಲಲ್ಲಿ, ಕಾದ ಅಂಗಳದಲ್ಲಿ ಓಡುತ್ತಿದ್ದರು. ಕರೆಂಟ್ ಬಿಲ್ಲಿಗಾಗಿ ಯಾರೂ ಹಾಗೆ ಓಡುವುದಿಲ್ಲ. ನಾನೂ ಓಡಿದೆ.

ಕಾಕಾ ಎರಡೂ ಕೈಯಿಂದ ಬಾಗಿಲು ಎಳೆದರು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಒಳಗೆ ಒಂದು ಪೆಟ್ಟಿಗೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದುಕೊಂಡು ನನ್ನ ಚಿಗವ್ವ, ಕಾಕಾನ ಹೆಂಡತಿ, ನಡುಗುತ್ತ ಕೂತಿದ್ದಳು. ಬಂದವರಿಗೆ ತೋರಿಸಲೆಂದು ಒಂದು ಹಿಡಿ ಒಣದ್ರಾಕ್ಷಿ ತರಲು ಹೋದವಳು. ಒಳಗೆ ಯಾರೂ ಇಲ್ಲವೆಂದುಕೊಂಡು ಯಾರೋ ಬಾಗಿಲು ಹಾಕಿದ್ದರು. ಬಾಗಿಲಿನ ಒಳಗಿನ ಹಿಡಿಕೆ ಅವಳ ಕೈಗೆ ಜಗ್ಗಿರಲಿಲ್ಲ. ಆ ದಪ್ಪ ಬಾಗಿಲು, ಮಶೀನಿನ ಸದ್ದು. ಕೂಗಿದ್ದು ಯಾರಿಗೆ ಕೇಳಬೇಕು?

"ಅಂಜಿದ್ದೇನ?" ಅಂದರು ಕಾಕಾ.

"ಮೊದಲ ಅಂಜಿದ್ನಿ. ಆಮ್ಯಾಲ ದೀಪ ಆರಸದ ಕುಂತ್ನಿ. ನೀವು ಬರ್ತೀರಂತ ಗೊತ್ತಿತ್ತಲ್ರೀ."

ಕಾಕಾ ಅವಳನ್ನು ತೋಳು ಹಿಡಿದು ಹೊರಗೆ ತಂದು ಬಿಸಿಲಿನ ಕಟ್ಟೆಯ ಮೇಲೆ ಕೂರಿಸಿದರು. ನಾಲ್ಕು ಮಂದಿಯ ಎದುರು ಹೆಂಡತಿಯ ಜೊತೆ ಸರಿಸಮ ನಡೆದದ್ದನ್ನೂ ನಾನು ಕಾಣದ ಆ ಮನುಷ್ಯ, ನೆಲದ ಮೇಲೆ ಕೂತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಗಸಗಸ ತಿಕ್ಕತೊಡಗಿದರು. ವ್ಯಾಪಾರಿಗಳು ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಹಮಾಲರು ಮೂಟೆ ಇಳಿಸಿ ನಿಂತಿದ್ದರು.

"ಬಿಡ್ರಿ, ಮಂದಿ ನೋಡಾಕತ್ತಾರ" ಅಂದಳು ಚಿಗವ್ವ, ಸೆರಗನ್ನು ಮುಖಕ್ಕೆ ಎಳೆದುಕೊಂಡು.

"ನೋಡ್ಲಿ" ಅಂದರು ಕಾಕಾ, ಇನ್ನೊಂದು ಪಾದವನ್ನು ಕೈಗೆ ತೆಗೆದುಕೊಳ್ಳುತ್ತ.