ವೈನಿಯ ಹೊಲಿಗೆ ಬಿಚ್ಚಿದ್ದು

ಇದನ್ನು ಬರೆಯಬೇಕೆಂದು ನಾನು ಕುಳಿತದ್ದು ಇದು ನಾಲ್ಕನೆಯ ಸಲ. ಮೊದಲ ಸಲ ಪೆನ್ನು ಮೂಡಲಿಲ್ಲ. ಎರಡನೆಯ ಸಲ ಬೀಗರು ಬಂದರು. ಮೂರನೆಯ ಸಲ ಪೆನ್ನು ಚೆನ್ನಾಗಿ ಮೂಡುತ್ತಿತ್ತು, ಬೀಗರೂ ಇರಲಿಲ್ಲ. ಆದರೂ ಎದ್ದು ಹೋಗಿ ಸೈಕಲ್ಲಿಗೆ ಎಣ್ಣೆ ಬಿಟ್ಟೆ. ಆ ಸೈಕಲ್ಲನ್ನು ನಾನು ಹತ್ತದೆ ಆರು ವರ್ಷವಾಗಿದೆ. ಹೇಳಲಾಗದ ಮಾತೊಂದು ಹೊಟ್ಟೆಯಲ್ಲಿದ್ದರೆ ಮನುಷ್ಯನಿಗೆ ಮನೆಯ ಎಲ್ಲ ವಸ್ತುಗಳ ಮೇಲೂ ಕಾಳಜಿ ಹುಟ್ಟುತ್ತದೆ.

ನಾನು ಕೌದಿ ಹೊಲಿಯುತ್ತೇನೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಅರಿವೆ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಕೈಯಿಂದ ಹೊಲಿಯುವ ಕೆಲಸ ಅದು. ನಮ್ಮ ಕಡೆ ಹೆಂಗಸರ ಕೆಲಸ. ಎಸ್ಸೆಸ್ಸೆಲ್ಸಿ ಪಾಸಾಗಿ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೇಳು ವರ್ಷ ಫಿಟ್ಟರ್ ಆಗಿದ್ದವನ ಕೈಗೆ ಸೂಜಿ ಬಂದದ್ದು ನನ್ನ ಹೆಂಡತಿಯ ಕಾಟದಿಂದ, ಅಥವಾ ಅವಳಿಗೆ ನಾನು ಕೊಟ್ಟ ಕಾಟದಿಂದ. ನಿವೃತ್ತನಾದ ಮೊದಲ ತಿಂಗಳಲ್ಲೇ ಮನೆಯ ಎಲ್ಲ ನಲ್ಲಿಗಳನ್ನೂ ಬಿಗಿ ಮಾಡಿದ್ದೆ. ಎಷ್ಟು ಬಿಗಿ ಎಂದರೆ ಮುಂಜಾನೆ ಮುಖ ತೊಳೆಯಲು ಆಕೆ ನನ್ನನ್ನು ಎಬ್ಬಿಸಬೇಕಾಗುತ್ತಿತ್ತು. ಒಂದು ದಿನ ನಮ್ಮ ವೈನಿ ಬಂದಾಗ ಅವರೆದುರು ಗೋಳು ತೋಡಿಕೊಂಡಳು.

ವೈನಿ ಎಂದರೆ ನನ್ನ ತೀರಿಹೋದ ಅಣ್ಣನ ಹೆಂಡತಿ. ಹೆಬ್ಬಳ್ಳಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಶಾಲೆಯಲ್ಲಿ ಐದನೆಯ ಇಯತ್ತೆ. ಈಗ ಮಗನ ಜೊತೆ ಹಳೇ ಹುಬ್ಬಳ್ಳಿಯಲ್ಲಿ ನಮ್ಮಿಂದ ಎರಡು ಓಣಿ ಆಚೆ ಇದ್ದಾರೆ. ಅವರ ಮನೆಯಲ್ಲಿ ಕೌದಿ ಹಾಸಲು ಜಾಗ ಸಾಲದೆಂದು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಹೊಲಿಯುತ್ತಿದ್ದರು. ಅಂದು ನನ್ನನ್ನು ಎದುರಿಗೆ ಕೂರಿಸಿ ಕೈಗೆ ಸೂಜಿ ಕೊಟ್ಟು ಅಂದರು: “ಬಸು, ಇಷ್ಟ ದಿನ ಕಬ್ಬಣ ಕಾಡಿದ್ದು ಸಾಕು. ಈಗ ಅರಿವಿ ಕಾಡು. ಅದು ತಿರುಗಿ ಏನೂ ಅನ್ನಂಗಿಲ್ಲ.”

ಈ ಹವ್ಯಾಸದ ಸುಖವನ್ನು ಹೇಗೆ ಹೇಳಲಿ? ತೊಳೆದು ತೊಳೆದು ಮೆತ್ತಗಾದ ಅರಿವೆಗೆ ಒಂದು ವಾಸನೆಯಿದೆ. ಪೆಟ್ಟಿಗೆಯದೋ ಬಿಸಿಲಿನದೋ ತಿಳಿಯುವುದಿಲ್ಲ. ಒಂದು ತುಂಡು ಕೈಗೆ ಬಂದರೆ ಅದನ್ನು ಉಟ್ಟವರು ಎದುರಿಗೆ ಬಂದು ಕೂರುತ್ತಾರೆ. ಅಣ್ಣನ ಚೌಕಳಿ ಅಂಗಿಯ ತುಂಡು ಬಂದ ದಿನ ವೈನಿಯೂ ನಾನೂ ಒಂದು ತಾಸು ಮಾತಾಡಲಿಲ್ಲ, ಹೊಲಿದೆವು. ಅಂಥ ಮೌನ ನನಗೆ ಮೂವತ್ತೇಳು ವರ್ಷದ ಗದ್ದಲದಲ್ಲಿ ಸಿಕ್ಕಿರಲಿಲ್ಲ.

ಖರ್ಚೂ ಇದೆ, ರೊಕ್ಕದ್ದಲ್ಲ, ಮರ್ಯಾದೆಯದು. ಮೊದಲ ವರ್ಷದಲ್ಲೇ ಮನೆಯ ಹಳೆಯ ಅರಿವೆಗಳೆಲ್ಲ ಮುಗಿದವು. ಆಮೇಲೆ ಹೊಸ ಅರಿವೆಗಳು ನನ್ನ ಕಣ್ಣಿಗೆ ಬೇಗ ಹಳೆಯವಾಗತೊಡಗಿದವು. ಹೆಂಡತಿ ತನ್ನ ಸೀರೆಗಳ ಕಪಾಟಿಗೆ ಕೀಲಿ ಹಾಕಿ, “ಹಗಲಗಳ್ಳ ಮನ್ಯಾಗ ಇದ್ದಾನ್ರಿ, ಏನ ಮಾಡೋದು” ಎಂದು ಬಂದವರಿಗೆಲ್ಲ ಹೇಳಿದಳು. ಬಸ್ಸಿನಲ್ಲಿ ನಾನು ಜನರ ಮುಖ ನೋಡುವುದು ಬಿಟ್ಟು ಅಂಗಿ ನೋಡುತ್ತಿದ್ದೆ. ಒಂದು ಮದುವೆಯಲ್ಲಿ ವರನ ಸೋದರಮಾವನ ಧೋತರವನ್ನು ಬೆರಳಲ್ಲಿ ಹಿಡಿದು ನೋಡಿಬಿಟ್ಟೆ. ಆತ ತಿರುಗಿ, “ಏನ್ರಿ ಕಾಕಾ, ಏನ ಬೇಕಾಗಿತ್ತು?” ಎಂದ. “ಛಲೋ ಐತ್ರಿ, ಎಷ್ಟ ವರ್ಷ ಉಡ್ತೀರಿ?” ಎಂದೆ. ಊಟಕ್ಕೆ ಕುಳಿತಾಗ ಆತ ನನ್ನಿಂದ ನಾಲ್ಕು ಎಲೆ ದೂರ ಕುಳಿತ.

ಇನ್ನು ಹೇಳಬೇಕಾದದ್ದು. ಸುತ್ತಿ ಸುತ್ತಿ ಅಲ್ಲಿಗೇ ಬರಬೇಕು.

ಹೋದ ವರ್ಷ ವೈನಿ ತಮ್ಮ ಮೊಮ್ಮಗಳ ಬಾಣಂತನಕ್ಕೆಂದು ಒಂದು ಚಿಕ್ಕ ಕೌದಿ ಹಿಡಿದಿದ್ದರು. ಕಣ್ಣು ಆಗಲೇ ಮಂಜಾಗಿತ್ತು. ಸೂಜಿಗೆ ದಾರ ನಾನು ಪೋಣಿಸಿ ಕೊಡುತ್ತಿದ್ದೆ. ಹೆಬ್ಬೆರಳಿನಿಂದ ಹಿಂದಿನ ಸಾಲನ್ನು ಸವರಿ ನೋಡಿ ಅವರು ಮುಂದಿನದನ್ನು ಹೊಲಿಯುತ್ತಿದ್ದರು. ಸಾಲುಗಳು ಸೊಟ್ಟಗಾಗಿದ್ದವು. ಒಂದು ಕಡೆ ಎರಡು ಬೆರಳು ಅಂತರ, ಇನ್ನೊಂದು ಕಡೆ ಸಾಲಿಗೆ ಸಾಲು ಹತ್ತಿಕೊಂಡಿದ್ದವು. ನನ್ನದು ಕೂದಲೆಳೆ ವ್ಯತ್ಯಾಸಕ್ಕೆ ಕೆಲಸ ವಾಪಸು ಬರುತ್ತಿದ್ದ ವರ್ಕ್‌ಶಾಪಿನಲ್ಲಿ ಪಳಗಿದ ಕಣ್ಣು. ತಡೆಯಲಾಗದೆ ಒಂದು ದಿನ, “ವೈನಿ, ಸಾಲು ಸೊಟ್ಟ ಹೊಂಟಾವ್ರಿ” ಎಂದೆ.

“ಕೂಸು ಅದರ ಮ್ಯಾಲ ಮಲಗತೈತೋ, ಸ್ಕೇಲ್ ಇಟ್ಟು ಅಳಿತೈತೋ?” ಎಂದರು, ತಲೆ ಎತ್ತದೆ.

ಕೌದಿ ಮುಕ್ಕಾಲು ಭಾಗ ಮುಗಿದಿತ್ತು. ಅಷ್ಟರಲ್ಲಿ ಮಗ ಅವರನ್ನು ಕಣ್ಣು ತೋರಿಸಲು ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಧಾರವಾಡದಲ್ಲಿ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದರು. ಕೌದಿ ನಮ್ಮ ಪಡಸಾಲೆಯಲ್ಲೇ ಇತ್ತು. ಮೊದಲ ದಿನ ಒಂದೇ ಒಂದು ಸಾಲನ್ನು ಬ್ಲೇಡಿನಿಂದ ಬಿಚ್ಚಿ, ಉಕ್ಕಿನ ಸ್ಕೇಲು ಇಟ್ಟು ಸೀಸದ ಗೆರೆ ಎಳೆದು ಹೊಲಿದೆ. ಅದು ನೆಟ್ಟಗಾದ ಮೇಲೆ ಪಕ್ಕದ್ದು ಇನ್ನೂ ಸೊಟ್ಟಗೆ ಕಂಡಿತು. ನಾಲ್ಕನೆಯ ದಿನದ ಹೊತ್ತಿಗೆ ವೈನಿಯ ಹೊಲಿಗೆ ಒಂದೂ ಉಳಿದಿರಲಿಲ್ಲ. ಉಳಿದ ಕಾಲು ಭಾಗವನ್ನೂ ನಾನೇ ಮುಗಿಸಿದ್ದೆ. ಉಪಕಾರ ಮಾಡಿದೆ ಎಂದುಕೊಂಡು ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ವೈನಿ ಬಂದರು. ಕಣ್ಣಿನ ನರ ಒಣಗಿದೆಯಂತೆ, ದೃಷ್ಟಿ ಇರುವಷ್ಟು ದಿನ ಇರುತ್ತದೆ ಎಂದಿದ್ದರಂತೆ ಡಾಕ್ಟರು. ಅದನ್ನು ಹೇಳುತ್ತ ಹೇಳುತ್ತಲೇ ಕೌದಿಯನ್ನು ಮಡಿಲಿಗೆ ಎಳೆದುಕೊಂಡು ಹೆಬ್ಬೆರಳಿಂದ ಸವರಿದರು. ಈ ಅಂಚಿನಿಂದ ಆ ಅಂಚಿಗೆ, ಮತ್ತೆ ಆ ಅಂಚಿನಿಂದ ಈ ಅಂಚಿಗೆ ಸವರಿದರು.

“ಬಸು, ಇದು ಯಾರ ಕೈ?”

ಆಗಲಾದರೂ ಹೇಳಬಹುದಿತ್ತು. “ನಿಮ್ಮದ ವೈನಿ, ಮತ್ಯಾರದು? ಉಳದದ್ದು ಇಷ್ಟ ನಾ ಮುಗಿಸೇನಿ” ಎಂದೆ.

ಒಬ್ಬ ಮನುಷ್ಯನ ಕೈಬರಹವನ್ನು ಪೂರ್ತಿ ಅಳಿಸಿ, ಇದು ನಿನ್ನದೇ ಎಂದು ಅವನ ಮುಂದಿಟ್ಟಂತೆ. ಕಣ್ಣು ಕೈಬಿಟ್ಟ ಸುದ್ದಿ ತಂದ ದಿನವೇ ಕೈಯೂ ನಿಮ್ಮದಲ್ಲ ಎಂದಂತೆ.

“ಭಾಳ ಛಲೋ ಆಗೇತಿ,” ಎಂದರು ವೈನಿ. “ನೆಟ್ಟಗ ಐತಿ.” ತಮ್ಮ ಸೂಜಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು. “ಇದನ್ನ ನೀನ ಇಟಗೊ. ಇನ್ನ ನನಗ್ಯಾಕ?”

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ಗುರುಗಳು ಶಿಷ್ಯಗ ಪಟ್ಟಾ ಕಟ್ಟಿದ್ರು ನೋಡ್ರಿ” ಎಂದಳು. ಓಣಿಯಲ್ಲೆಲ್ಲ ಹಾಗೆಯೇ ಸುದ್ದಿಯಾಯಿತು. ನಾನು ಅಲ್ಲ ಎನ್ನಲಿಲ್ಲ. ತೊಟ್ಟಿಲು ಹಾಕುವ ದಿನ ಬಂದವರೆಲ್ಲ ಕೌದಿಯನ್ನು ಎತ್ತಿ ನೋಡಿ, ಮಷಿನ್ ಹೊಲಿಗೆಯಂತಿದೆ ಎಂದರು. ನಾನು ನಕ್ಕೆ. ವೈನಿ ಮೂಲೆಯಲ್ಲಿ ಕುಳಿತು ಬೆಲ್ಲ ಕುಟ್ಟುತ್ತಿದ್ದರು. ಅಂದಿನಿಂದ ಅವರು ಸೂಜಿ ಮುಟ್ಟಿಲ್ಲ, ಮಧ್ಯಾಹ್ನ ನಮ್ಮ ಪಡಸಾಲೆಗೂ ಬರುವುದಿಲ್ಲ. ಕೇಳಿದರೆ, “ಬಿಸಲಪಾ” ಎನ್ನುತ್ತಾರೆ. ಮಳೆಗಾಲದಲ್ಲೂ ಅದನ್ನೇ ಅಂದರು.

ಇಷ್ಟನ್ನೂ ಬರೆದು ಈಗ ತಾನೆ ಹೆಂಡತಿಗೆ ಓದಿ ತೋರಿಸಿದೆ. ಆಕೆ, “ಕಾಗದಕ್ಕ ಯಾಕ ಹೇಳಾಕತ್ತೀರಿ? ಎರಡ ಓಣಿ ದಾಟಿದ್ರ ಅವರ ಮನಿ” ಎಂದಳು. ಮೊಣಕಾಲು ನೋವು ಎಂದೆ. ದಿನಾಲು ನಾಲ್ಕು ತಾಸು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವ ಕಾಲು ಅದು. ಎರಡು ಓಣಿ ಎಂದಕೂಡಲೇ ನೋಯುತ್ತದೆ. ಅಷ್ಟೇ ಅಲ್ಲ, ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಅಚ್ಚಾದ ಅಕ್ಷರ ಈಗ ಅವರ ಕಣ್ಣಿಗೆ ಹತ್ತುವುದಿಲ್ಲ ಎಂದು ಗೊತ್ತಿದ್ದೇ ಇದನ್ನು ಅಚ್ಚಿಗೆ ಕೊಡುವ ಧೈರ್ಯ ಮಾಡಿದ್ದೇನೆ. ಓದುವ ನೀವೆಲ್ಲ ನನ್ನನ್ನು ಕ್ಷಮಿಸಬಹುದು; ಆದರೆ ನಿಮ್ಮ ಹೊಲಿಗೆಯನ್ನು ನಾನು ಬಿಚ್ಚಿಲ್ಲ. ಬಿಚ್ಚಿದ್ದು ಯಾರದೋ ಅವರನ್ನು ನಾನು ಎಂದೂ ಹೆಸರು ಹಿಡಿದು ಕರೆದವನಲ್ಲ, ಹಿರಿಯರು. ಇಲ್ಲಿಯಾದರೂ ಬರೆಯುತ್ತೇನೆ: ಗಿರಿಜವ್ವ.