ಭಂಗಾರದ ಫಟಫಟಿ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಇದನ್ನು ಜಂಬವೆಂದುಕೊಳ್ಳಬೇಡಿ, ಕಸುಬು ಕಲಿಸಿದ ಗುಣ. ಜೇವರ್ಗಿಯಲ್ಲಿ ನನ್ನದೊಂದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವುದು. ರೈತನೊಬ್ಬ ಒಣಗಿದ ತೊಗರಿ ಟೊಂಗೆಯನ್ನು ಮುಂದಿಟ್ಟು “ಇದಕ್ಕೇನಾಗ್ಯಾದ್ರಿ ಸಾವ್ಕಾರ್ರ?” ಎಂದು ಕೇಳಿದರೆ, ಅದನ್ನು ತಿರುವಿ ನೋಡುವಷ್ಟರಲ್ಲಿ ರೋಗದ ಹೆಸರೂ ಔಷಧಿಯ ಹೆಸರೂ ನನ್ನ ಬಾಯಿಗೆ ಬಂದಿರಬೇಕು. ಯೋಚಿಸಿ ಹೇಳುತ್ತೇನೆ ಎಂದೆನೋ, ಗಿರಾಕಿ ರಸ್ತೆ ದಾಟಿ ಎದುರಿನ ಅಂಗಡಿ ಹತ್ತಿದನೆಂದೇ ಲೆಕ್ಕ. ಹೀಗೆ ವರ್ಷಗಟ್ಟಲೆ ತಡವರಿಸದೆ ಹೇಳಿ ಹೇಳಿ, ಈಗ ಯಾರದೇ ಮೊಣಕಾಲು ನೋವಿರಲಿ, ಕೆಟ್ಟುಹೋದ ಫ್ರಿಜ್ಜಿರಲಿ, ಅರ್ಧಕ್ಕೆ ನಿಂತ ಮದುವೆ ಮಾತುಕತೆಯಿರಲಿ, ನನ್ನ ಹತ್ತಿರ ಉತ್ತರ ಸಿದ್ಧವಿರುತ್ತದೆ. ಬಹಳ ಸಲ ಅದು ಸರಿಯಾಗಿಯೂ ಇರುತ್ತದೆ. ಇಂಥ ನನಗೆ ಒಂದು ಹಳೆಯ ಫಟಫಟಿಯನ್ನು ಮನೆಯಲ್ಲೇ ಬಿಚ್ಚಿ ಹೊಸದು ಮಾಡುವುದು ದೊಡ್ಡ ಮಾತೆನಿಸಲಿಲ್ಲ.

ಫಟಫಟಿ ಎಂದರೆ ನಮ್ಮ ಕಡೆ ಮೋಟರ್ ಸೈಕಲ್ಲು. ಈಗಿನ ಗಾಡಿಗಳು ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತು ಹಾರ್ನ್ ಹೊಡೆಯುವುದರಿಂದ ಅವಕ್ಕೆ ಆ ಹೆಸರು ಒಪ್ಪುವುದಿಲ್ಲ. ನಾನು ಹೇಳುವುದು ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕಾದ, ಓಣಿ ತುಂಬ ನೀಲಿ ಹೊಗೆ ಬಿಡುವ, ಹಳೆಯ ಕಾಲದ ಪುಟ್ಟ ಗಾಡಿ. ಅದು ಯಡ್ರಾಮಿಯಲ್ಲಿ ನಮ್ಮಪ್ಪನ ಗೆಳೆಯ ಶರಣಪ್ಪ ಕಾಕಾ ಅವರ ಕೊಟ್ಟಿಗೆಯೊಳಗೆ, ತೊಗರಿ ಕಟ್ಟಿಗೆಯ ಹೊರೆಗಳ ಹಿಂದೆ ನಿಂತಿತ್ತು. ಕೇಳಿದ ಕೂಡಲೇ ಕಾಕಾ, “ಒಯ್ಯೋ ತಮ್ಮಾ, ನನಗೂ ಜಾಗ ಖಾಲಿ ಆಗ್ತದ” ಎಂದರು. ಆದರೆ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತ್ತು. “ಅದರ ಬಾಣಂತನ ಮುಗೀಲಿ. ಬಾಣಂತೀನ ಎಬ್ಬಿಸಿ ಗಾಡಿ ಒಯ್ದಾ ಅಂದ್ರ ನಾಕು ಮಂದಿ ಏನಂದಾರು?” ಎಂದು ತಡೆದರು. ಕಾದೆ. ಮರಿಗಳು ಕಣ್ಣು ಬಿಟ್ಟು ಅಂಗಳದಲ್ಲಿ ಆಡತೊಡಗಿದವೆಂದು ಕಾಕಾ ಫೋನ್ ಮಾಡಿದ ದಿನವೇ ಗೂಡ್ಸ್ ಆಟೋ ಮಾಡಿಕೊಂಡು ಹೋಗಿ ತಂದೆ.

ನಮ್ಮ ಅವ್ವನಿಗೆ ಮನೆಗೆ ಯಾವ ಗಾಡಿ ಬಂದರೂ ಪೂಜೆಯಾಗಬೇಕು. ಇದು ಗಾಡಿಯೋ ಅಲ್ಲವೋ ಎಂಬ ಅನುಮಾನ ಅವಳಿಗಿದ್ದರೂ ವಿಭೂತಿ ಹಚ್ಚಿ, ಕಾಯಿ ಒಡೆದು, ಮುಂದಿನ ಗಾಲಿಯ ಕೆಳಗೆ ಒಂದು ನಿಂಬೆಹಣ್ಣು ಇಟ್ಟಳು. ಗಾಳಿಯಿಲ್ಲದ ಟೈರನ್ನು ನಾನು ಹಿಂದಿನಿಂದ ನೂಕಿದೆ. ನಿಂಬೆಹಣ್ಣು ಒಡೆಯಲಿಲ್ಲ, ಗಾಡಿಯೇ ಪಕ್ಕಕ್ಕೆ ವಾಲಿತು. “ನಿನ್ನ ಗಾಡಿಗಿಂತ ನಿಂಬಿಹಣ್ಣು ಗಟ್ಟಿ ಅದ ನೋಡಪಾ” ಎಂದು ಅವ್ವ ಅದನ್ನೆತ್ತಿಕೊಂಡು ಹೋಗಿ ಅವತ್ತಿನ ಚಿತ್ರಾನ್ನಕ್ಕೆ ಹಿಂಡಿದಳು. ನನ್ನ ಹೆಂಡತಿ ನೀಲಾ ಮಾತ್ರ ಏನೂ ಅನ್ನದೆ ಗಾಡಿಯ ಸುತ್ತ ಒಂದು ಸಲ ಬಂದಳು. ಅವಳು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಮ್ಮ. ತಪ್ಪು ಕಂಡರೆ ತಕ್ಷಣ ಹೇಳುವುದಿಲ್ಲ, ಹುಡುಗ ತಾನೇ ಕಂಡುಕೊಳ್ಳಲಿ ಎಂದು ಬಿಡುತ್ತಾಳೆ.

ಆ ಮೌನ ನನಗೆ ತಡೆಯಲಾಗಲಿಲ್ಲ. ಗಾಣಗಾಪುರದ ಮಗ್ಗುಲ ಹಳ್ಳಿಯಲ್ಲಿ ಅವಳ ತವರು, ಅಲ್ಲಿ ಅವಳ ತಮ್ಮ ಹೊಸ ಮನೆ ಕಟ್ಟಿಸುತ್ತಿದ್ದ. ನಾನು ಎದೆ ಸೆಟೆಸಿ, “ನೋಡ್ತಿರು. ನಿನ್ನ ತಮ್ಮನ ಮನಿ ಪ್ರವೇಶಕ್ಕ ಇದರ ಮ್ಯಾಗ ಕುಂದ್ರಿಸ್ಕೊಂಡು ನಿನ್ನ ತವರಿಗೆ ಒಯ್ತೇನಿ. ಈಗ ಯಾರಿಗೂ ಹೇಳಬ್ಯಾಡ. ನೋಡಿ ದಂಗಾಗ್ಲಿ” ಎಂದೆ. ನೀಲಾಳ ಮುಖ ಅರಳಿತು. ಮದುವೆಯಾದಾಗಿನಿಂದ ನಾವು ತವರಿಗೆ ಬಸ್ಸಿನಲ್ಲೇ ಹೋಗುತ್ತಿದ್ದೆವು. ಮನೆ ಅಂಗಡಿಯ ಹಿಂದೆಯೇ ಇರುವುದರಿಂದ, ಹೊಡೆಯಲು ಬರುತ್ತಿದ್ದರೂ ನಾನು ಸ್ವಂತ ಗಾಡಿ ಇಟ್ಟವನೇ ಅಲ್ಲ. ಗಂಡನ ಗಾಡಿಯ ಮೇಲೆ ಕೂತು ತವರಿನ ಓಣಿಗೆ ಹೋಗುವ ಆಸೆ ಅವಳಿಗೆ ಎಷ್ಟಿತ್ತೆಂದು ಅವತ್ತು ಗೊತ್ತಾಯಿತು.

ಬಿಚ್ಚುವ ಕೆಲಸ ನನ್ನದು, ಇಂಜಿನ್ನಿನ ಒಳಗಿನ ಕೆಲಸ ಗ್ಯಾರೇಜಿನ ರಸೂಲ್ ಮಿಸ್ತ್ರಿಯದು ಎಂದು ಹಂಚಿಕೊಂಡೆವು. ರಸೂಲನೂ ನನ್ನ ಜಾತಿಯವನೇ, ಎಂದರೆ ಗೊತ್ತಿಲ್ಲ ಎನ್ನದವರ ಜಾತಿ. “ಇಂಜನ್ ಅಂದ್ರ ಶೇರ್ ಅದ ಸಾವ್ಕಾರ್ರ, ಶೇರ್! ಮಲಕೊಂಡದ, ಎಬ್ಬಸ್ತೇನಿ” ಎಂದು ಒಯ್ದ. ಆ ಹುಲಿ ಏಳಲು ಶ್ರಾವಣ ಕಳೆದು ದಸರೆಯೂ ಮುಗಿಯಿತು. ಅಷ್ಟರಲ್ಲಿ ನಮ್ಮ ಅಡುಗೆಮನೆಯ ಬೋಗುಣಿಗಳೆಲ್ಲ ಹಿತ್ತಲು ಸೇರಿದ್ದವು. ಒಂದರಲ್ಲಿ ನಟ್ಟು, ಒಂದರಲ್ಲಿ ಬೋಲ್ಟು, ಮತ್ತೊಂದರಲ್ಲಿ ಪೆಟ್ರೋಲಿನೊಳಗೆ ನೆನೆಹಾಕಿದ ಕಾರ್ಬೊರೇಟರು. ಸಾರಿನ ಬೋಗುಣಿ ಹುಡುಕುತ್ತ ಬಂದ ಅವ್ವ, “ಇದನ್ನ ರಾತ್ರಿ ನೆನಿ ಹಾಕಿದ್ರ ಮುಂಜಾನಿ ಮೊಳಕಿ ಒಡೀತದೇನೋ?” ಎಂದು ಕೇಳಿ ಹೋದಳು. ತಿರುಗಿ ಜೋಡಿಸಿದಾಗ ಒಂದು ಬೋಗುಣಿಯ ತಳದಲ್ಲಿ ಕೆಲವು ಸಾಮಾನು ಉಳಿದವು. ಗಾಡಿ ಮಾಡಿದ ಕಂಪನಿಯವರು ಅಷ್ಟು ಹೆಚ್ಚು ಹಾಕಿದ್ದಾರೆಂದೇ ನಾನು ಈಗಲೂ ನಂಬುತ್ತೇನೆ.

ಸುಮ್ಮನೆ ಹಳೆಯದನ್ನು ಹೊಸದು ಮಾಡಿದರೆ ಅದರಲ್ಲಿ ನನ್ನದೇನು ಬಂತು? ಈಗಿನ ಹುಡುಗರು ಹಳೆಯ ಗಾಡಿಗಳನ್ನು ಕತ್ತರಿಸಿ, ಸವರಿ, ಬೆನ್ನು ಬೋಳಾಗಿಸಿ, ಓಡುವ ಕುದುರೆಯಂತೆ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ನಾನೂ ಟ್ಯಾಂಕಿಗೆ ತೊಗರಿ ಹೂವಿನ ಹಳದಿ ಬಣ್ಣ ಹೊಡೆಸಿದೆ. ಬೆಕ್ಕು ಪರಚಿದ್ದ ಉದ್ದನೆಯ ಸೀಟನ್ನು ಕತ್ತರಿಸಿ, ಒಬ್ಬ ಮನುಷ್ಯನಿಗೆ ಹಿಡಿಯುವಷ್ಟು ಗಿಡ್ಡ ಮಾಡಿಸಿ, ಕಂದು ರೆಕ್ಸಿನ್ ಹೊಲಿಸಿದೆ. ಹಿಂದೆ ಕೂತವರು ಕಾಲಿಡುವ ಫುಟ್‌ರೆಸ್ಟುಗಳನ್ನು ಕಿತ್ತೆ. ಗಾಲಿಗೆ ಸೆರಗು ಸಿಗದಿರಲೆಂದು ಪಕ್ಕದಲ್ಲಿ ಹಾಕಿದ್ದ ಕಬ್ಬಿಣದ ಸೀರೆ ಗಾರ್ಡು ಅಂದ ಕೆಡಿಸುತ್ತಿತ್ತು, ಅದನ್ನೂ ಬಿಚ್ಚಿ ಮೂಲೆಗೆ ಎಸೆದೆ. ಉಳಿದದ್ದು ಶಾಕಪ್ಪು ಒಂದೇ. ಗಾಡಿ ಗುಂಡಿಗೆ ಬಿದ್ದಾಗ ನಮ್ಮ ನಡುವನ್ನು ಕಾಯುವ ಆ ಸ್ಪ್ರಿಂಗಿನ ಜೋಡಿ ಇಂಥ ಗಾಡಿಗೆ ಹೊಸದಾಗಿ ಸಿಗುವುದಿಲ್ಲ. ಅದನ್ನು ಹುಡುಕುತ್ತ ಕಲಬುರಗಿಗೆ ಹೋದೆ.

ಇಲ್ಲಿ ನಮ್ಮ ಕಡೆಯ ಒಂದು ಮಾತನ್ನು ನಿಮಗೆ ಹೇಳಬೇಕು. ಉಳಿದವರು ಗುಜರಿ ಎನ್ನುವುದಕ್ಕೆ ನಾವು ಭಂಗಾರ ಎನ್ನುತ್ತೇವೆ. ಕೊರಳಿಗೆ ಹಾಕಿಕೊಳ್ಳುವುದು ಬಂಗಾರ, ತಕ್ಕಡಿಗೆ ಎಸೆಯುವುದು ಭಂಗಾರ. ಬರೆಯುವಾಗ ಅಕ್ಷರದ ಹೊಟ್ಟೆ ಸೀಳಿದರೆ ವ್ಯತ್ಯಾಸ ತಿಳಿಯುತ್ತದೆ. ಮಾತಾಡುವಾಗ ಮಹಾಪ್ರಾಣಕ್ಕೆ ಉಸಿರು ಖರ್ಚು ಮಾಡುವ ದುಂದುಗಾರರು ನಮ್ಮಲ್ಲಿ ಯಾರೂ ಇಲ್ಲ. ಭಂಗಾರದಂಗಡಿಯ ಕಬ್ಬಿಣದ ರಾಶಿಯ ನಡುವೆ ನಿಂತು ನಾನು ಸಿಕ್ಕ ಒಂದು ಜೋಡಿ ಶಾಕಪ್ಪುಗಳನ್ನು ತಿರುವಿ ನೋಡುತ್ತಿದ್ದಾಗ ನೀಲಾಳ ಫೋನ್ ಬಂತು.

“ಎಲ್ಲಿದೀರಿ?”

“ಬಂಗಾರ್ದಂಗಡ್ಯಾಗ ಅದೇನಿ.”

“ಯಾಕ್ರಿ?”

“ನಿನ್ನ ತಮ್ಮನ ಮನಿ ಪ್ರವೇಶ ಬಂತಲ್ಲ, ಅದಕ. ಜೋಡಿ ಸಿಕ್ಕಾವ ನೀಲಾ! ಹಳೀ ಕಾಲದ ಮಾಲು. ಈಗಿನವರು ಹಿಂಗ ಮಾಡಂಗಿಲ್ಲ.”

“ತೂಕ ಹೆಂಗ ಅದಾವ್ರಿ?”

“ಭಾಳ ಗಟ್ಟಿ. ಕೈಯಾಗ ಹಿಡದ್ರ ಕೈ ಜಗ್ತದ. ಸುರುಳಿ ಸುರುಳಿ ಅದಾವ. ಪಾಲಿಶ್ ಹಿಡಿಸಿದ್ರ ಫಳಫಳ ಹೊಳೀತಾವ.”

“ಅದಕ್ಕ ಹಳೀದು ಏನರೆ ಹಾಕೀರೇನು?”

“ಹೂಂ, ಮನ್ಯಾಗ ಉಪಯೋಗಿಲ್ದ ಬಿದ್ದಿತ್ತಲ್ಲ, ಅದನ್ನ ಹಾಕೀನಿ.” ಸೀರೆ ಗಾರ್ಡನ್ನು ಒಯ್ದು ತಕ್ಕಡಿಗೆ ಹಾಕಿದ್ದೆ.

“ಜಲ್ದಿ ಬರ್ರಿ,” ಎಂದಳು ನೀಲಾ. ಅಷ್ಟು ಮೆತ್ತಗಿನ ದನಿಯನ್ನು ನಾನು ಮದುವೆಯ ಹೊಸತರಲ್ಲಿ ಕೇಳಿದ್ದೆ. ನನ್ನ ಫಟಫಟಿಯ ಮೇಲೆ ಅವಳಿಗೂ ಪ್ರೀತಿ ಬಂತಲ್ಲ ಎಂದು ಖುಷಿಪಟ್ಟೆ.

ಮನೆಗೆ ಬಂದರೆ ಒಲೆಯ ಮೇಲೆ ಹೂರಣದ ಹೋಳಿಗೆ ಬೇಯುತ್ತಿದ್ದವು. ಅವ್ವ ಚಸ್ಮಾ ಒರೆಸಿಕೊಂಡು ಕಾಯುತ್ತ ಕೂತಿದ್ದಳು. ನೀಲಾ ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಬಂದಳು. ನಾನು ಹೆಮ್ಮೆಯಿಂದ ಬಟ್ಟೆಯ ಗಂಟು ಬಿಚ್ಚಿದೆ. ಗ್ರೀಸು ಮೆತ್ತಿದ ಎರಡು ಶಾಕಪ್ಪುಗಳು ಕುಂಕುಮದ ತಟ್ಟೆಯ ಪಕ್ಕದಲ್ಲಿ ಅಡ್ಡಾದವು.

“ಇವೇನೋ?” ಎಂದಳು ಅವ್ವ.

“ಶಾಕಪ್ಪು.”

“ಹೌದ್ರಿ ಅತ್ತಿ, ಶಾಕು ಖರೇನ,” ಎಂದಳು ನೀಲಾ. ಸುರುಳಿ ಡಿಸೈನಿನ ಒಂದು ಜೊತೆ ಚಿನ್ನದ ಪಾಟ್ಲಿ ಬಳೆ ಬರುತ್ತದೆಂದು, ಕೈಬಳೆಗಳನ್ನೆಲ್ಲ ತೆಗೆದಿಟ್ಟು ಮುಂಗೈ ಖಾಲಿ ಮಾಡಿಕೊಂಡು ಕಾದಿದ್ದಳು ಅವಳು. ಬಯ್ಯಲಿಲ್ಲ. ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದು ನನ್ನ ಮುಂದಿಟ್ಟು, “ಸಾಲ್ಯಾಗ ಹುಡುಗರಿಗಿ ದಿನಾ ಹೇಳ್ತೇನಿ, ಹೊಟ್ಟಿ ಸೀಳ್ರಿ, ಹೊಟ್ಟಿ ಸೀಳ್ರಿ ಅಂತ. ಮನ್ಯಾಗೂ ಹೇಳಬೇಕಾಗ್ತದಂತ ಗೊತ್ತಿರ್ಲಿಲ್ಲ” ಎಂದಳು. ಆ ಖಾಲಿ ಮುಂಗೈ ನೋಡಿ ನನಗೆ ನಿಜಕ್ಕೂ ಕೆಟ್ಟದೆನಿಸಿತು. ಬಯ್ದಿದ್ದರೆ ಹೋಳಿಗೆಯಾದರೂ ನೆಮ್ಮದಿಯಿಂದ ಗಂಟಲಿಳಿಯುತ್ತಿತ್ತು.

“ಪಾಟ್ಲಿ ಮಾತು ಬಿಡ್ರಿ,” ಎಂದಳು ಆಮೇಲೆ. “ತವರಿಗಿ ಗಾಡಿ ಮ್ಯಾಗ ಕುಂದ್ರಿಸ್ಕೊಂಡು ಒಯ್ತೇನಿ ಅಂದೀರಲ್ಲ, ಅದರೆ ಖರೇನೋ, ಅದೂ ಇಂಥದ್ದೋ?”

“ಖರೇ ಅಂದ್ರ ಖರೇ,” ಎಂದೆ ನಾನು. ಸೀಟು ಕತ್ತರಿಸಿದ್ದು ನನಗೆ ನೆನಪಿತ್ತು. ಅವಳನ್ನು ಕೂಡಿಸಿಕೊಂಡು ಹೋಗುವ ಮಾತೂ ನೆನಪಿತ್ತು. ಎರಡನ್ನೂ ಒಟ್ಟಿಗೆ ನೆನೆದಿರಲಿಲ್ಲ, ಅಷ್ಟೇ.

ಪ್ರವೇಶದ ದಿನ ಮುಂಜಾನೆ ಗಾಡಿಯ ಮೇಲಿನ ಹೊದಿಕೆ ತೆಗೆದು ಅಂಗಳಕ್ಕೆ ತಂದೆ. ನನ್ನ ಕೆಲಸವನ್ನು ನಾನೇ ಹೊಗಳಬಾರದು, ಆದರೆ ಅಷ್ಟು ಚಂದದ ಗಾಡಿ ಜೇವರ್ಗಿ ತಾಲೂಕಿನಲ್ಲಿ ಇನ್ನೊಂದಿಲ್ಲ. ನೀಲಾ ಇಳಕಲ್ ಸೀರೆಯುಟ್ಟು, ತಮ್ಮನಿಗೆ ಉಡುಗೊರೆ ಕೊಡುವ ಆಯೇರಿ ಬಟ್ಟೆಯ ಚೀಲ ಹಿಡಿದು ಬಂದಳು. ಎಡಕ್ಕೆ ಬಂದು ನಿಂತಳು. ಬಲಕ್ಕೆ ಹೋದಳು. ಮತ್ತೆ ಎಡಕ್ಕೆ ಬಂದಳು.

“ನಾ ಎಲ್ಲಿ ಕುಂದ್ರಲಿ?”

ಸೀಟಿನ ಹಿಂದೆ ಮಡ್‌ಗಾರ್ಡು, ಅದರ ತುದಿಗೆ ಪುಟ್ಟದೊಂದು ಕೆಂಪು ದೀಪ. ನಾನು ಅದರ ಕಡೆ ಕೈ ತೋರಿಸಿ, “ಒಂದೀಟು ಅಡ್ಜಸ್ಟ್ ಮಾಡ್ಕೊ” ಎಂದೆ.

“ಆಕಿ ಏನ್ ಗುಬ್ಬಿ ಅದಾಳೇನೋ?” ಎಂದಳು ಬಾಗಿಲಲ್ಲಿದ್ದ ಅವ್ವ.

ನೀಲಾ ಒಳಗೆ ಹೋದಳು. ಇನ್ನು ಅವಳು ತವರಿಗೆ ಬರುವುದಿಲ್ಲ, ನಾನು ಒಬ್ಬನೇ ಹೋಗಿ ಏನು ಹೇಳಲಿ ಎಂದು ನಾನು ಬೆವರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಚೂಡಿದಾರ ಹಾಕಿಕೊಂಡು, ನನಗೆಂದು ತಂದಿದ್ದ ಹೆಲ್ಮೆಟ್ಟನ್ನು ತಲೆಗೇರಿಸಿಕೊಂಡು ಬಂದಳು. ಮಡಿಚಿದ ಇಳಕಲ್ ಸೀರೆಯನ್ನು ಚೀಲದಲ್ಲಿಟ್ಟು ಆ ಚೀಲವನ್ನು ನನ್ನ ಕೈಗೆ ಕೊಟ್ಟಳು.

“ಗಾಡಿ ಮ್ಯಾಗ ತವರಿಗಿ ಹೋಗ್ತೇನಂತ ಮನಸಿನ್ಯಾಗ ಅಂದ್ಕೊಂಡೀನಿ, ಗಾಡಿ ಮ್ಯಾಗ ಹೋಗ್ತೇನಿ. ನೀವು ಬಸ್ಸಿಗೆ ಬರ್ರಿ.”

“ಅದು ಗೇರಿಂದು ನೀಲಾ. ಕ್ಲಚ್ಚು...”

“ನಮ್ಮಪ್ಪನ ಗಾಡಿ ಮ್ಯಾಗ ಹೊಲಕ್ಕ ಬುತ್ತಿ ಒಯ್ದಾಕಿ ನಾ. ಬಾಜೂಕ ಸರೀರಿ.”

ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ನನಗೆ ಅದು ಯಾವತ್ತೂ ಒಂದೇ ಕಿಕ್ಕಿಗೆ ಎದ್ದದ್ದಿಲ್ಲ. ಫಟ್ ಫಟ್ ಫಟ್ ಎಂದು ನೀಲಿ ಹೊಗೆ ಬಿಡುತ್ತ ಓಣಿ ದಾಟಿ ಹೋಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯಾಯಿತು. ನಾನು ಕಟ್ಟಿದ ಗಾಡಿ, ನನ್ನ ಹೆಂಡತಿ, ಎರಡೂ ಒಟ್ಟಿಗೆ ಎಷ್ಟು ಚಂದ ಕಾಣುತ್ತವೆಂದು ಆ ಕ್ಷಣಕ್ಕೆ ನೋಡಿದೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಕೈಯಲ್ಲಿದ್ದ ಚೀಲದ ಭಾರ ಗೊತ್ತಾಯಿತು.

ಬಸ್ಸಿನ ತುಂಬ ಗಾಣಗಾಪುರಕ್ಕೆ ಹೊರಟ ಭಕ್ತರು. ಚೀಲ ತಬ್ಬಿಕೊಂಡು ನಿಂತಿದ್ದೆ. ದಾರಿಯಲ್ಲೆಲ್ಲೋ ಬಸ್ಸು ನಿಂತಾಗ ಹಳದಿ ಫಟಫಟಿಯೊಂದು ಪಕ್ಕದಿಂದ ಸುಂಯ್ಯೆಂದು ಹೋಯಿತು. ನಡುವೆ ಚಹಾ ಕುಡಿದು ಬಂದಿದ್ದಳೆಂದು ಕಾಣುತ್ತದೆ. ಕಿಟಕಿಯ ಬಳಿ ಕೂತಿದ್ದ ಮುದುಕಿಯೊಬ್ಬಳು ಗಲ್ಲಕ್ಕೆ ಕೈಯಿಟ್ಟು, “ಎವ್ವಾ, ಹೆಂಗ ಹೊಡೀತಾಳ ನೋಡ! ಯಾರ ಮನಿ ಸೊಸಿನೋ ಏನೋ!” ಎಂದಳು. ನನಗೆ ತಡೆಯಲಾಗಲಿಲ್ಲ. “ನಮ್ಮ ಮನ್ಯಾಕಿನ ಆಯಿ. ಗಾಡಿನೂ ನಂದೇ” ಎಂದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮತ್ತ ನೀ ಯಾಕ ಬಸ್ಸಿನ್ಯಾಗ ಜೋತು ಬಿದ್ದೀದಿ?” ಎಂದು ಕೇಳಿದಳು. ಉತ್ತರಕ್ಕಾಗಿ ಸುತ್ತಲಿನವರೂ ತಿರುಗಿದರು. ನಾನು ಕಿಟಕಿಯಾಚೆಯ ತೊಗರಿ ಹೊಲವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ತವರುಮನೆಯ ಚಪ್ಪರದ ಕೆಳಗೆ ಫಟಫಟಿ ನಿಂತಿತ್ತು, ಸುತ್ತ ಊರ ಅರ್ಧ ಜನ. ನನ್ನ ಅತ್ತೆ ಅವಸರದಿಂದ ಬಂದು “ಸೀರಿ ಬಂತೇನ್ರಿ?” ಎಂದು ಚೀಲ ಕಸಿದು ಒಳಗೆ ಕೊಟ್ಟು, ಆಮೇಲೆ ನನ್ನ ಕಾಲಿಗೆ ನೀರು ಕೊಟ್ಟರು. “ಗಾಡಿ ಬಂಗಾರದಂಗ ಅದ್ರಿ ಅಳಿಯಂದ್ರ,” ಎಂದರು. “ಒಂದೇ ಸೀಟ್ ಅದ ನೋಡ್ರಿ. ಅದನ್ನ ಹಿಂಗ್ಯಾಕ ಕತ್ತರಿಸ್ಯಾನ ಮಾಡಿದಾವ? ಹೆಣ್ಣುಮಗಳು ಎಲ್ಲಿ ಕುಂದ್ರಬೇಕಂತ ಅವನ ತಲ್ಯಾಗ ಬರ್ಲಿಲ್ಲೇನು?”

ಹೊಸ ಮನೆಯ ಬಾಗಿಲಲ್ಲಿ, ಇಳಕಲ್ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನೀಲಾ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಹುಡುಗ ತಾನೇ ಹೇಳಲಿ ಎಂದು ಕಾಯುವ ಅದೇ ನೋಟ. ಗಾಡಿ ಮಾಡಿದವನು ನಾನೇ ಎಂದರೆ ಸೀಟು ಕತ್ತರಿಸಿದವನೂ ನಾನೇ ಆಗುತ್ತಿದ್ದೆ.

“ಯಾವನೋ ಏನೋ, ಗೊತ್ತಿಲ್ರಿ ಅತ್ತಿ,” ಎಂದೆ.

ಅತ್ತೆಗೆ ಪಾಪವೆನಿಸಿರಬೇಕು. ಇಷ್ಟು ಜನರ ನಡುವೆ ಬಸ್ಸಿನಲ್ಲಿ ಬಂದಿಳಿದ ಅಳಿಯನ ಹತ್ತಿರ ಸರಿದು, ದನಿ ತಗ್ಗಿಸಿ, “ಗೇರಿನ ಗಾಡಿ ಮೊದಲಿಗಿ ಎಲ್ಲಾರಿಗೂ ಅಂಜಿಕಿ ಆಗ್ತದ್ರಿ. ನಮ್ಮ ನೀಲಾ ಕಲಸ್ತಾಳ. ಹೊಲದಾಗ ಹೊಡೀರಿ ಮೊದಲ, ರೋಡಿಗಿ ಆಮ್ಯಾಗ ಬರ್ರಿ” ಎಂದರು.

“ಹೂಂನ್ರಿ ಅತ್ತಿ, ಕಲೀತೇನಿ,” ಎಂದೆ ನಾನು.