ಸಹಾಯಕಿ ಬೇಕೆಂದ ಮೇಷ್ಟ್ರು

ಒಬ್ಬ ಸಹಾಯಕಿಯನ್ನು ಕೊಡಿ ಎಂದು ಬಾಯಿಬಿಟ್ಟಿದ್ದೇ ನಾಲ್ಕನೇ ತರಗತಿಯ ಮೇಷ್ಟ್ರು ಮಾಡಿದ ತಪ್ಪು. ಮೂವತ್ತು ಮಕ್ಕಳ ಕೋಣೆಯಲ್ಲಿ ಅರವತ್ತು ಮಕ್ಕಳು. ಅವರ ನಡುವೆ ಆಟಿಸಂ ಇರುವ ಒಬ್ಬ ಹುಡುಗಿ. ಗದ್ದಲ ಏರಿದರೆ ಅವಳು ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುವಳು. ಅವಳನ್ನು ಸಮಾಧಾನಪಡಿಸಲು ಮೇಷ್ಟ್ರು ಬಗ್ಗಿದರೆ ಉಳಿದವರು ಕೋಣೆಯನ್ನು ಸಂತೆ ಮಾಡುವರು. ಅವಳಿಗಾಗಿ ಶಾಲೆ ಮಾಡಿದ್ದು ಒಂದೇ ಏರ್ಪಾಡು: ಬಾಗಿಲ ಮೇಲೆ ‘ಇಲ್ಲಿ ಎಲ್ಲರೂ ಒಂದೇ’ ಎಂಬ ಬಣ್ಣದ ಫಲಕ. ಫಲಕಕ್ಕೆ ಸಂಬಳ ಕೊಡಬೇಕಿಲ್ಲವಲ್ಲ.

ಸಹಾಯಕಿ ನಿಜಕ್ಕೂ ಬೇಕೇ ಎಂದು ನೋಡಲು ಅಂದು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಹೆಡ್‌ಮೇಷ್ಟ್ರು ತರಗತಿಗೆ ಓಡಿ ಬಂದರು.

“ಈ ಕುರಿಮಂದೆ ನೋಡಿದ್ರೆ, ಇಷ್ಟು ಜನಾನ ಯಾಕ್ರೀ ಸೇರಿಸ್ಕೊಂಡ್ರಿ ಅಂತ ನನ್ನ ಕುತ್ತಿಗೆಗೇ ಬರುತ್ತೆ. ಅರ್ಧ ಮಕ್ಕಳನ್ನ ಆಟದ ಸಾಮಾನಿನ ಕೋಣೆಗೆ ಹಾಕ್ರಿ.”

“ಸಾರ್, ಗದ್ದಲಾನೇ ಕಾಣದಿದ್ರೆ ಸಹಾಯಕೀನ ಯಾಕೆ ಕೊಡ್ತಾರೆ?”

“ಮೊದ್ಲು ನನ್ನ ಮಾನ ಉಳೀಲಿ. ಆಮೇಲೆ ನಿಮ್ಮ ಸಹಾಯಕಿ.”

ಡ್ರಿಲ್ ಮೇಷ್ಟ್ರು ಅರ್ಧ ತರಗತಿಯನ್ನು ಚೆಂಡು, ಹಗ್ಗಗಳ ನಡುವೆ ತುರುಕಿ, ತುಟಿಯ ಮೇಲೆ ಬೆರಳಿಡಿಸಿ, ಬಾಗಿಲು ಮುಂದೆ ಮಾಡಿದರು.

ಸಾಹೇಬರು ಬಂದಾಗ ತರಗತಿ ತಣ್ಣಗಿತ್ತು. ಹುಡುಗಿ ಆ ವರ್ಷ ಮೊದಲ ಬಾರಿಗೆ ಬೆಂಚಿನ ಮೇಲೇ ಕೂತು ಲೆಕ್ಕವನ್ನೆಲ್ಲ ಮಾಡಿ ಮುಗಿಸಿದ್ದಳು. ಮೇಷ್ಟ್ರಿಗೆ ಸಂತೋಷವೂ ಆಯಿತು, ಇನ್ನು ಸಹಾಯಕಿ ಸಿಕ್ಕಂತೆಯೇ ಎಂಬ ಸಂಕಟವೂ ಆಯಿತು.

“ಇಷ್ಟು ಚೆನ್ನಾಗಿ ಕಲೀತಿದಾಳಲ್ಲ! ಸಹಾಯಕಿ ಯಾಕ್ರೀ?” ಎಂದರು ಸಾಹೇಬರು.

ಹೆಡ್‌ಮೇಷ್ಟ್ರು ಕಣ್ಣು ಕೆಕ್ಕರಿಸಿದರು. ಮೇಷ್ಟ್ರು ಕರಿಹಲಗೆ ಒರೆಸತೊಡಗಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಹುಡುಗಿಗೆ ಮಾತ್ರ ಗೊತ್ತಿರಲಿಲ್ಲ.

“ಇವತ್ತು ಗಲಾಟೆ ಇಲ್ಲ. ಅರ್ಧ ಜನ ಆಟದ ಸಾಮಾನಿನ ಕೋಣೇಲಿದಾರೆ,” ಎಂದಳು.

ಮೇಷ್ಟ್ರಿಗೆ ಅವಳ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಸಾಹೇಬರು ದಡದಡ ನಡೆದು ಆ ಬಾಗಿಲು ತಳ್ಳಿದರು. ತುಟಿಗೆ ಬೆರಳಿಟ್ಟ ಮಕ್ಕಳು ಪಿಳಿಪಿಳಿ ನೋಡಿದರು. ಹೆಡ್‌ಮೇಷ್ಟ್ರು ಗೋಡೆಗೆ ಒರಗಿದರು.

“ಭೇಷ್!” ಎಂದರು ಸಾಹೇಬರು. “ತರಗತಿ ಚಿಕ್ಕದಾದ್ರೆ ಇಂಥ ಮಕ್ಕಳು ಕಲೀತಾರೆ ಅಂತ ಭಾಷಣ ಮಾಡಿ ಮಾಡಿ ನನ್ನ ಗಂಟ್ಲು ಬಿದ್ದೋಯ್ತು. ಖರ್ಚಿಲ್ದೇ ಮಾಡಿ ತೋರಿಸಿದ್ದು ನೀವೊಬ್ರೇ. ಎರಡು ಕೋಣೆ, ಒಬ್ರೇ ಮೇಷ್ಟ್ರು!”

“ಎಲ್ಲಾ ನನ್ನದೇ ಯೋಜನೆ ಸಾರ್,” ಹೆಡ್‌ಮೇಷ್ಟ್ರು ಆಗಲೇ ನೆಟ್ಟಗೆ ನಿಂತಿದ್ದರು.

“ಒಂದೇ ಕೋಣೇಲಿ ಅರವತ್ತು ಹಿಡಿಸ್ತಿದ್ರಿ, ಎರಡರಲ್ಲಿ ಇನ್ನೂ ಅರವತ್ತು ಹಿಡಿಸುತ್ತೆ. ಸುತ್ತಲಿನ ಶಾಲೆಗಳ ಮಕ್ಕಳನ್ನೂ ನಾಳೆಯಿಂದ ಇಲ್ಲಿಗೇ ಕಳಿಸ್ತೀನಿ.”

ಸಾಹೇಬರ ಕಾರು ಹೋದ ಮೇಲೆ ಹುಡುಗಿ ಮೇಷ್ಟ್ರ ತೋಳು ಜಗ್ಗಿದಳು.

“ಸಾರ್, ನಾಳೆ ಗಲಾಟೆ ಇರುತ್ತಾ?”

“ಇರುತ್ತೆ ಮಗೂ,” ಎಂದರು ಮೇಷ್ಟ್ರು, “ಎರಡೆರಡು ಕೋಣೇಲಿ.”